ಬಸ್ ತಂಗುದಾಣದ ಗೋಡೆಯ ಶಾಸಕರು

ಮೊನ್ನೆ ಚಿತ್ರದುರ್ಗದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸುವಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಮಗಳು "ಥೂ, ತಲೆನೋವು" ಎಂದು ಒಳಗೆ ಹೋದಳು. ನಾನು ಅಲ್ಲೇ ಕುಳಿತೆ. ನನಗೆ ಆ ವಾಸನೆ ಎಂದರೆ ಹಿಂದೆ ನಾನು ಕೆಲಸಕ್ಕಿದ್ದ ಊರಿನಲ್ಲಿ ಬೋರ್ಡು ಬರೆಯುತ್ತಿದ್ದ ಒಬ್ಬ ಅಜ್ಜ... ಅವರಿಗೆ ನಾನು ಮಾಡಿದ ಅನ್ಯಾಯ.

ಆಗ ನಾನೊಂದು ಹಳ್ಳಿಯಲ್ಲಿ ಪಂಚಾಯಿತಿ ಕಾರ್ಯದರ್ಶಿ. ಅಲ್ಲಿನ ಬಸ್ ತಂಗುದಾಣದ ಬಿಳಿ ಗೋಡೆಯ ಮೇಲೆ ನಮ್ಮ ವಿಧಾನಸಭಾ ಕ್ಷೇತ್ರದಿಂದ ಗೆದ್ದವರ ಹೆಸರೆಲ್ಲ ಸಾಲಾಗಿ ಇದ್ದವು. ಬರೆದವರು ಅಜ್ಜ. ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಹೆಸರಿನ ಮುಂದೆ ಆ ಮನುಷ್ಯ ಊರಿಗೆ ಏನು ಮಾಡಿದ ಎಂದು ಒಂದೇ ಸಾಲು. ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ, ಜಗಳವಾಡಿಸಿ, ಕೊನೆಗೆ ಎಲ್ಲರೂ ಒಪ್ಪಿದ್ದನ್ನೇ ಬರೆಯುತ್ತಿದ್ದರು. ಶಾಲೆಗೆ ಎರಡು ಕೋಣೆ. ಹಿರಿಯೂರಿಗೆ ಬೆಳಗಿನ ಬಸ್ಸು. ಹಳ್ಳಕ್ಕೆ ಸೇತುವೆ, ಅರ್ಧ! ಒಬ್ಬರ ಹೆಸರಿನ ಮುಂದೆ ಮಾತ್ರ 'ಬಂದೇ ಇಲ್ಲ' ಎಂದಿತ್ತು. ಅವರ ಕಡೆಯವರು ಬಂದು ಅಳಿಸು ಎಂದು ಗದರಿದರೂ ಅಜ್ಜ ಜಗ್ಗಲಿಲ್ಲವಂತೆ. "ಒಂದ್ಸಲ ಬಂದು ಹೋಗ್ಲಿ, ನಾನೇ ಅಳಿಸ್ತೀನಿ" ಎಂದರಂತೆ.

ಕ್ಷೇತ್ರ ಮರುವಿಂಗಡಣೆಯಲ್ಲಿ ನಮ್ಮ ಕ್ಷೇತ್ರವೇ ಇಲ್ಲವಾಯಿತು. ಅಣ್ಣತಮ್ಮಂದಿರು ಭಾಗವಾದ ಹಾಗೆ ಕೆಲವು ಹಳ್ಳಿ ಹೊಳಲ್ಕೆರೆಗೆ, ಕೆಲವು ಹಿರಿಯೂರಿಗೆ, ನಾವು ಚಿತ್ರದುರ್ಗಕ್ಕೆ. ಆಮೇಲೆ ಬಂದ ಚುನಾವಣೆಗೆ ನೀತಿ ಸಂಹಿತೆ ಜಾರಿಯಾದಾಗ, ರಾಜಕಾರಣಿಗಳ ಹೆಸರಿರುವ ಬೋರ್ಡುಗಳನ್ನು ಮುಚ್ಚಿ ಎಂದು ಮೇಲಿನಿಂದ ಆದೇಶ ಬಂತು. ಹಿಂದೆಲ್ಲ ಅಜ್ಜ ಮೈದಾ ಅಂಟಿನಲ್ಲಿ ಹಳೇ ಪೇಪರು ಅಂಟಿಸಿ, ಎಲೆಕ್ಷನ್ ಮುಗಿದ ಮೇಲೆ ನೀರು ಚಿಮುಕಿಸಿ ಬಿಡಿಸುತ್ತಿದ್ದರು. ನನಗೋ ಬಡ್ತಿಯ ಆಸೆ, ಮೇಲಿನವರ ಭಯ. ಪೇಪರು ಹರಿದು, ಯಾರಾದರೂ ಫೋಟೋ ತೆಗೆದು ಕಳಿಸಿದರೆ? ಬಣ್ಣವನ್ನೇ ಬಳಿಯಿರಿ ಎಂದೆ.

"ಕ್ಷೇತ್ರನೇ ಸತ್ತೈತೆ ಸಾರ್. ಇದನ್ನ ನೋಡಿ ಯಾರು ಯಾರಿಗೆ ಓಟ್ ಹಾಕ್ತಾರೆ? ಪೇಪರ್ ಹಚ್ತೀನಿ ಬಿಡ್ರಿ" ಎಂದರು ಅಜ್ಜ.

ಆದೇಶದಲ್ಲಿ ಇದ್ದದ್ದು ಮುಚ್ಚಿ ಎಂದಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಎಲೆಕ್ಷನ್ ಮುಗಿಯಲಿ, ನಾನೇ ಬಂದು ನಿಂತು ಮತ್ತೆ ಬರೆಸುತ್ತೇನೆ ಎಂದು ಮಾತು ಕೊಟ್ಟೆ. ಅಜ್ಜ ಬೇರೆಯವರ ಕೈಗೆ ಬ್ರಷ್ ಕೊಡಲಿಲ್ಲ. ಒಂದೊಂದು ಸಾಲನ್ನೂ ಓದಿಕೊಳ್ಳುತ್ತ ತಾವೇ ಬಳಿದರು...

ಎಲೆಕ್ಷನ್ ಮುಗಿಯಿತು. ನನಗೆ ಹೊಸದುರ್ಗಕ್ಕೆ ವರ್ಗವಾಯಿತು. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತ ವರ್ಷಗಳು ಉರುಳಿದವು. ಹೊಸದುರ್ಗವೇನು ಏಳು ಸಮುದ್ರದಾಚೆ ಇತ್ತೇ? ಆಮೇಲಾಮೇಲೆ ಮುಖ ತೋರಿಸಲು ನಾಚಿಕೆಯಾಗಿ ಹೋಗಲಿಲ್ಲ.

ಮೊನ್ನೆ ಗೇಟಿನ ಬಣ್ಣ ಒಣಗುವ ಮೊದಲೇ ಆ ಹಳ್ಳಿಯ ಬಸ್ಸು ಹತ್ತಿದೆ. ಹಳೇ ತಂಗುದಾಣ ಕೆಡವಿ ಹೊಸದು ಕಟ್ಟಿದ್ದರು. ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ನನ್ನ ಗುರುತು ಹಿಡಿದು, ಒಳಗಿನಿಂದ ಕಪ್ಪು ಬಣ್ಣದ ಡಬ್ಬಿಯೊಂದನ್ನು ತಂದು ಮುಂದಿಟ್ಟರು. ಅದರ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಸಾಹೇಬ್ರು ಬಂದೇ ಬರ್ತಾರೆ, ಬರೀಬೇಕು ಅಂತ ತಂದಿಟ್ಟಿದ್ರು. ಯಾರಿಗೂ ಮುಟ್ಟಾಕೆ ಬಿಡ್ತಿರ್ಲಿಲ್ಲ. ಕುಂತ್ಕಳ್ರಿ, ಟೀ ಇಡ್ತೀನಿ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶಾಸಕರ ಹೆಸರುಗಳು ಚಿತ್ರದುರ್ಗದ ಚುನಾವಣಾ ಕಚೇರಿಯಲ್ಲಿ ಸಿಕ್ಕವು, ಬರೆದುಕೊಂಡು ಬಂದೆ. ಅವರ ಮುಂದಿನ ಸಾಲುಗಳು ಯಾವ ಕಡತದಲ್ಲೂ ಇಲ್ಲ. ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೂರಿಸಿ ಒಪ್ಪಿಸುವವರಿಲ್ಲ. ಶಾಲೆಯ ಕೋಣೆ ಯಾರದ್ದು, ಬಸ್ಸು ಯಾರದ್ದು... 'ಬಂದೇ ಇಲ್ಲ' ಎಂಬುದು ಎಲ್ಲರಿಗೂ ನೆನಪಿದೆ. ಯಾರ ಹೆಸರಿನ ಮುಂದಿತ್ತು ಎಂಬುದು ಯಾರಿಗೂ ನೆನಪಿಲ್ಲ.

ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಬರೆದು, ಅದರ ಮುಂದೆ ಆ ಮಾತು ಬರೆದಿದ್ದೇನೆ. ಈಗ ಒಂದು ಸಲ ಬಂದು ಹೋಗಿಯೂ ಆಯಿತು. ಅಳಿಸಲು ಅಜ್ಜ ಇಲ್ಲ.