ಹತ್ತು ವರ್ಷ ದಾಟಿದ ವ್ಯಾನು

ನಮ್ಮ ವ್ಯಾನಿನೊಳಗೆ ಮಲಗಲು ಹಾಸಿಗೆಯಿದೆ, ಅಡುಗೆಗೆ ಒಲೆಯಿದೆ. ಆದರೆ ನೈರೋಬಿಯ ಹೊರಗಿನ ಕ್ಯಾಂಪ್‌ಸೈಟಿನಲ್ಲಿ ಹತ್ತು ವರ್ಷ ದಾಟಿದ ಇಂಥ ಗಾಡಿಗಳಿಗೆ ಪ್ರವೇಶವಿಲ್ಲವಂತೆ. ನನಗೆ ರೇಗಿತು. ಚೆನ್ನಾಗಿ ಓಡುವ ಗಾಡಿಗೆ ಜಾತಕ ಯಾಕೆ?

“ನೋಡೋಕೆ ಹೊಸದರ ಹಾಗಿದ್ರೆ ಬಿಡ್ತೀನಿ, ಫೋಟೋ ಕಳಿಸಿ” ಅಂದರು ಅಲ್ಲಿನ ಮ್ಯಾನೇಜರಮ್ಮ.

ನಾನು ಕಳಿಸಿದ್ದು ಒಂದು ಆಯುಧಪೂಜೆಯ ಫೋಟೋ. ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ನನ್ನ ಇಬ್ಬರು ಪುಟ್ಟ ಮಕ್ಕಳು. ಯಾವ ಕಾಲದ್ದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಹಾರ ಹಾಕಿದ್ದೀರಿ, ಈಗಷ್ಟೇ ಕೊಂಡಿರಬೇಕು. ಕರಿಬು, ಬನ್ನಿ” ಎಂದು ಉತ್ತರ ಬಂತು. ಹಳೇ ಗಾಡಿಗೂ ವರ್ಷವರ್ಷ ಹಾರ ಹಾಕುವ ಜನ ನಾವೆಂದು ಅವರಿಗೇನು ಗೊತ್ತು!

ಮಕ್ಕಳನ್ನೂ ಕರೆದೆ. ನೈರೋಬಿಯಲ್ಲೇ, ಎಂಬಕಸಿಯಲ್ಲಿ ಕೆಲಸ ಮಾಡುವ ಮಗಳೂ, ಮುಥೈಗಾದಲ್ಲಿ ಕೆಲಸ ಮಾಡುವ ಮಗನೂ “ನೆಕ್ಸ್ಟ್ ಟೈಮ್, ಅಮ್ಮ” ಅಂದರು. ಒಬ್ಬಳೇ ಹೋದೆ.

ಗೇಟಿನಲ್ಲಿ ಮ್ಯಾನೇಜರಮ್ಮ ಒಮ್ಮೆ ಫೋಟೋ ನೋಡಿದರು, ಒಮ್ಮೆ ವ್ಯಾನಿನ ತುಕ್ಕು ನೋಡಿದರು. ಬೈಸಿಕೊಳ್ಳಲು ನಾನು ಸಿದ್ಧಳಾದೆ. ಅವರು ಕಿಟಕಿಯಲ್ಲಿ ಇಣುಕಿ ಹಿಂದಿನ ಸೀಟುಗಳಲ್ಲಿ ಹುಡುಕಿದರು.

“ಮಕ್ಕಳೆಲ್ಲಿ? ಅವರಿಗೋಸ್ಕರ ಮರಕ್ಕೆ ಉಯ್ಯಾಲೆ ಕಟ್ಟಿಸಿದ್ದೆನಲ್ಲ!”



“ಅವರಿಗೂ ಹತ್ತು ವರ್ಷ ಯಾವತ್ತೋ ದಾಟಿತು” ಅಂದೆ.

ಅವರು ಗೇಟು ತೆಗೆದರು. ಉಯ್ಯಾಲೆಗೂ ವಯಸ್ಸಿನ ನಿಯಮ ಇದೆಯೇ ಎಂದು ನಾನು ಕೇಳಲು ಹೋಗಲಿಲ್ಲ.