ಅಕ್ಕನ ಕೋಳಿಮರಿಗಳಿಗೆ ರಕ್ತಭೇದಿ ಬಂದ ವರ್ಷ

ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಭತ್ತದ ಹೊಟ್ಟಿನ ಚೀಲ ಇಳಿಸಿ ಹೋಗಿದ್ದರು. ಮೊನ್ನೆಯ ಮಳೆಗೆ ನೆನೆದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಬೇರೆಯವರು ಮೂಗು ಮುಚ್ಚಿಕೊಂಡು ದಾಟಿದರು, ನಾನು ನಿಂತುಬಿಟ್ಟೆ. ನಿಮಗೂ ಹೀಗಾಗಿರಬಹುದು, ಕೆಲವು ವಾಸನೆಗಳು ಕೈಹಿಡಿದು ಎಳೆದುಕೊಂಡೇ ಹೋಗುತ್ತವೆ. ನನ್ನನ್ನು ಅದು ಎಳೆದೊಯ್ದದ್ದು ಎಂಬತ್ತರ ದಶಕದ ನ್ಯಾಮತಿಗೆ, ನನ್ನ ಅಕ್ಕ ರತ್ನಳ ಕೋಳಿ ಶೆಡ್ಡಿಗೆ.

ಭಾವ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರು ತಂದ ಹೊಟ್ಟನ್ನು ನೆಲಕ್ಕೆ ಹಾಸಿ ಅಕ್ಕ ಫಾರಂ ಕೋಳಿಯ ಮರಿ ಸಾಕುತ್ತಿದ್ದಳು. ಮರಿ ಸ್ವಲ್ಪ ಬಲಿತ ಮೇಲೆ ಊರಿನ ಹೆಂಗಸರು ಮೊಟ್ಟೆಗೆಂದು ಒಂದೆರಡು ಕೊಂಡು ಹಿತ್ತಿಲಲ್ಲಿ ಬಿಟ್ಟುಕೊಳ್ಳುತ್ತಿದ್ದರು. ಕಾಲೇಜಿನ ರಜೆಯಲ್ಲಿ ನಾನು ಸಹಾಯಕ್ಕೆಂದು ಹೋಗುತ್ತಿದ್ದೆ. ಮರಿಗಳೆಲ್ಲ ಒಟ್ಟಿಗೆ ಕಾಲಿಗೆ ಮುಗಿಬಿದ್ದರೆ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೋಡುತ್ತಿದ್ದೆ. ನನ್ನ ಸಹಾಯ ಅಷ್ಟರಮಟ್ಟಿನದು.

ಆ ಮಳೆಗಾಲ ಹೆಂಚು ಸೋರಿ ಹೊಟ್ಟೆಲ್ಲ ಒದ್ದೆಯಾಯಿತು. ಕೆಲವೇ ದಿನಗಳಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ಗುಂಪುಗೂಡಿದವು. ಹಿಕ್ಕೆಯಲ್ಲಿ ರಕ್ತ. ಭಾವ ಹೊನ್ನಾಳಿಗೆ ಹೋಗಿ ಪಶುವೈದ್ಯರನ್ನು ಕರೆತಂದರು. ಅವರು ಸತ್ತ ಮರಿಯೊಂದನ್ನು ಕೊಯ್ದು, ರಕ್ತ ತುಂಬಿ ಊದಿದ ಕರುಳು ತೋರಿಸಿದರು. ಇದು ಕಾಕ್ಸಿಡಿಯಾ ಎಂಬ ಪರಾವಲಂಬಿಯ ಕೆಲಸವಂತೆ. ಕರುಳಿನ ಗೋಡೆಯೊಳಗೆ ಹೊಕ್ಕು, ಅಲ್ಲೇ ನೂರ್ಮಡಿಯಾಗಿ, ಗೋಡೆ ಒಡೆದುಕೊಂಡು ಹೊರಬರುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಅದರ ತತ್ತಿ ತೇವ ಸಿಕ್ಕರೆ ಬಲಿತು, ಕಾಳಿನ ಜೊತೆ ಇನ್ನೊಂದು ಮರಿಯ ಹೊಟ್ಟೆ ಸೇರುತ್ತದೆ. ಡಾಕ್ಟರು ಜಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕುರಿಮರಿಗಳಲ್ಲೂ ಇಂಥದ್ದನ್ನು ಕಂಡಿದ್ದರಂತೆ. ಆದರೆ ಕುರಿಯದು ಬೇರೆ, ಮೊಲದ್ದು ಬೇರೆ, ಕೋಳಿಯದು ಬೇರೆ. ಒಂದರದು ಇನ್ನೊಂದಕ್ಕೆ ತಗಲುವುದಿಲ್ಲ.

ಅವರು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನಾನೂ ಇಣುಕಿದೆ. ಕಂಡದ್ದು ನನ್ನದೇ ರೆಪ್ಪೆಗೂದಲು. ಅಕ್ಕ ಮಾತ್ರ ಬಹಳ ಹೊತ್ತು ನೋಡಿದಳು. "ಎಷ್ಟು ಚಂದ ಐತ್ರೀ, ಮೊಟ್ಟೆ ಇದ್ದಂಗೇ ಐತೆ" ಎಂದಳು. ತನ್ನ ಶೆಡ್ಡನ್ನು ಹಾಳುಮಾಡುತ್ತಿದ್ದುದನ್ನು ಕುರಿತು ಆಡಿದ ಮಾತು ಅದು. ಆಮೇಲೆ ತಲೆಯೆತ್ತಿ, "ಹೋದ ವಾರ ಮಾರಿದ ಕೋಳ್ಯಾಗೂ ಇರ್ತಾವಾ?" ಎಂದು ಕೇಳಿದಳು. ಇರಬಹುದು ಎಂದರು ಡಾಕ್ಟರು. ನೀರಿಗೆ ಬೆರೆಸುವ ಔಷಧಿ ಕೊಟ್ಟು, ಒದ್ದೆ ಹೊಟ್ಟು ತೆಗೆಯಲು ಹೇಳಿ ಹೊರಟರು.

ಚೆನ್ನಾಗಿ ಕಾಣುವ ಮರಿಗಳನ್ನು ಸಂತೇಬೆನ್ನೂರಿನ ಸಂತೆಗೆ ಸಾಗಿಸಿಬಿಡೋಣ, ಅಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ ಎಂದರು ಭಾವ. ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಅಕ್ಕ ಸೆರಗು ಸಿಕ್ಕಿಸಿ ಹೊಟ್ಟು ಬಾಚತೊಡಗಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಕೊಟ್ಟ ಔಷಧಿಯನ್ನು ಸಣ್ಣ ಸೀಸೆಗಳಿಗೆ ಹಂಚಿ ಹಿಡಿದು, ಕೋಳಿ ಕೊಂಡಿದ್ದ ಒಂದೊಂದು ಮನೆಗೂ ಹೋದಳು. ಹಿಂದೆ ನಾನು. ತಾನು ಕೊಟ್ಟ ಕೋಳಿಯಿಂದ ಅವರ ಕೋಳಿಗಳಿಗೂ ರೋಗ ಬರಬಹುದೆಂದು ಹೇಳಿ, ಔಷಧಿ ಹಾಕುವ ಬಗೆ ತಿಳಿಸಿದಳು. ಕೆಲವರು ಕೇಳಿಸಿಕೊಂಡು ಸೀಸೆ ತೆಗೆದುಕೊಂಡರು. ಹನುಮಕ್ಕ ಎಂಬಾಕೆಯ ಹಿತ್ತಿಲಲ್ಲಿ ನಾಟಿ ಮರಿಗಳು ಆಗಲೇ ಸತ್ತಿದ್ದವು. ಆಕೆ ಕೇರಿಯವರೆದುರೇ ಅಕ್ಕನನ್ನು ಬಾಯಿಗೆ ಬಂದಂತೆ ಬೈದಳು. ಅಕ್ಕ ಪೂರ್ತಿ ಬೈಸಿಕೊಂಡು, "ಉಳಿದವಕ್ಕಾದ್ರೂ ಹಾಕಾಕೆ ಇಟ್ಕಳ್ರಿ" ಎಂದು ಸೀಸೆಯನ್ನು ಕಟ್ಟೆಯ ಮೇಲಿಟ್ಟಳು.

ಶೆಡ್ಡಿನ ಅರ್ಧಕ್ಕೂ ಹೆಚ್ಚು ಮರಿಗಳು ಹೋದವು, ಉಳಿದವು ಚೇತರಿಸಿಕೊಂಡವು. ಬಹಳ ಕಾಲ ಯಾರೂ ಕೋಳಿ ಕೇಳಿಕೊಂಡು ಬರಲಿಲ್ಲ. ಬೇಸಿಗೆ ಕಳೆದ ಮೇಲೆ ಮೊದಲು ಬಂದವಳು ಹನುಮಕ್ಕನೇ. ಬೇರೆ ಕಡೆಯೂ ಸಿಗುತ್ತವಲ್ಲ ಎಂದು ಭಾವ ಕೆಣಕಿದರು.

"ಕಾಯ್ಲೆ ಬಂದ್ರೆ ಈಯಮ್ಮ ಬಂದು ಹೇಳ್ತಾಳೆ. ಬ್ಯಾರೆಯವ್ರು ಹೇಳ್ತಾರಾ?" ಎಂದಳು ಆಕೆ.

ಅಕ್ಕನಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲವೆಂದು ನಾನು ಇಷ್ಟು ವರ್ಷವೂ ನಂಬಿಕೊಂಡಿದ್ದೆ. ಹೊಟ್ಟಿನ ವಾಸನೆ ಹೊಡೆದ ಆ ದಿನ ಮನೆಗೆ ಬಂದು ಅವಳಿಗೆ ಫೋನು ಮಾಡಿ ಅದನ್ನೇ ಹೇಳಿದಾಗ ನಕ್ಕಳು. "ಭಾಳ ಹೆದ್ರಿದ್ದೆ ಕಣೇ. ಅದಕ್ಕೇ ಬೆಳಿಗ್ಗೇನೇ ಹೊಂಟೆ. ಮಧ್ಯಾಹ್ನದ ತನಕ ಕೂತಿದ್ರೆ ಹೋಗ್ತಿರ್ಲಿಲ್ಲ."

ಫೋನು ಇಟ್ಟ ಮೇಲೆ ಆ ಬೆಳಗನ್ನು ಹೊಸದಾಗಿ ನೋಡಿದೆ. ಮುಂದೆ ಅವಳು, ಹಿಂದೆ ನಾನು. ಇಬ್ಬರೂ ಹೆದರಿಕೊಂಡೇ ನಡೆಯುತ್ತಿದ್ದೆವು.