ಬಾಟಲಿಯ ಬಿಳಿಗಣ್ಣಿನ ಮಗಳು

ಗೆಳೆಯರೇ, ಇವತ್ತು ಕಾಲೇಜಿನ ಲ್ಯಾಬಿನಲ್ಲಿ ನನ್ನ ಶಾಪ ಫಲಿಸಿತು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಫಲಿಸಿತು.

ಹಣ್ಣಿನ ನೊಣಗಳಲ್ಲಿ ತಾಯಿ ಬಿಳಿಗಣ್ಣಿನದು, ತಂದೆ ಕೆಂಪುಗಣ್ಣಿನದು ಆದರೆ ಹುಟ್ಟುವ ಗಂಡೆಲ್ಲ ಬಿಳಿಗಣ್ಣು, ಹೆಣ್ಣೆಲ್ಲ ಕೆಂಪುಗಣ್ಣು. ಪುಸ್ತಕದಲ್ಲೇ ಇದೆ; ನಮ್ಮ ಬಾಟಲಿಗೆ ಬಿಟ್ಟದ್ದೂ ಅಂಥದೇ ಜೋಡಿ. ನನ್ನ ಜೊತೆ ಪ್ರಯೋಗ ಮಾಡುವ ಮಲ್ಕಾಜ್‌ಗಿರಿಯ ಸುವರ್ಣಾ ಆ ಪಾಠಕ್ಕೆ ಬಂದಿರಲಿಲ್ಲ. ಹಾಗಾಗಿ ನಾನು ಅವಳೆದುರು ಬಾಟಲಿಯ ಮೇಲೆ ಕೈಯಿಟ್ಟು, "ಇದರೊಳಗೆ ಹುಟ್ಟುವ ಗಂಡುಮಕ್ಕಳ ಕಣ್ಣು ಬೆಳ್ಳಗಾಗಲಿ" ಎಂದು ಗಂಭೀರವಾಗಿ ಶಪಿಸಿದ್ದೆ.

ಇವತ್ತು ಮರಿನೊಣಗಳಿಗೆ ಮಂಪರು ಬರಿಸಿ ಬಿಳಿ ಹಾಳೆಯ ಮೇಲೆ ಸುರಿದೆವು. ಗಂಡೆಲ್ಲ ಬಿಳಿಗಣ್ಣು! ನಾನಿನ್ನೂ ನಗುತ್ತಿದ್ದೆ, ಸುವರ್ಣಾ ಮೈಕ್ರೋಸ್ಕೋಪಿನಿಂದ ತಲೆಯೆತ್ತದೆ ಅಂದಳು: "ಲೇ, ಇದು ಹೆಣ್ಣು ಐತಿ. ಇದರ ಕಣ್ಣೂ ಬೆಳ್ಳಗದಾವ."

ನೋಡಿದೆ. ಹೆಣ್ಣೇ. ಉಳಿದವೆಲ್ಲ ಸತ್ತಂತೆ ಮಲಗಿದ್ದವು. ಅದೊಂದು ಮಾತ್ರ ಮೆಲ್ಲಗೆ ಕಾಲಾಡಿಸುತ್ತಿತ್ತು.

ಮೇಡಂ ಬಂದು ನೋಡಿದರು. ಆಮೇಲೆ ನನ್ನತ್ತ ತಿರುಗಿ ತೆಲುಗಿನಲ್ಲಿ, "ನುವ್ವೇ ಕದಾ ಕಲಿಪಿಂದಿ?" ಅಂದರು. ಬೇರೆ ನೊಣ ತಂದು ಬೆರೆಸಿದ್ದು ನೀನೇ ತಾನೇ, ಅಂತ.

"ಇಲ್ಲ ಮೇಡಂ." ದೇವರಾಣೆ, ಇವತ್ತಿನವರೆಗೆ ನಾನು ಆ ಬಾಟಲಿಯ ಮುಚ್ಚಳ ತೆಗೆದಿರಲೇ ಇಲ್ಲ.

"ನೀ ಅಲ್ಲಂದ್ರ ಮತ್ಯಾರೋ?" ಸುವರ್ಣಾ ಬಾಟಲಿಯಿಂದ ದೂರ ಸರಿದಳು. "ಖರೇ ಹೇಳು. ಇಲ್ಲಾಂದ್ರ ನಾ ಇನ್ನ ಈ ಲ್ಯಾಬಿಗೆ ಬರಂಗಿಲ್ಲ."

"ನಾನೇ ಬೆರೆಸಿದ್ದು" ಅಂದುಬಿಟ್ಟೆ. ಮೇಡಂ ಮನಸಾರೆ ಬೈದರು. ಸುವರ್ಣಾ ಬೆನ್ನಿಗೊಂದು ಗುದ್ದಿ ನಕ್ಕಳು. ಇಬ್ಬರೂ ನೆಮ್ಮದಿಯಾಗಿ ಮನೆಗೆ ಹೋದರು.

ಯಾರು ಮಾಡಿದ್ದು ಅಂತ ಈಗ ಅವರಿಬ್ಬರಿಗೂ ಗೊತ್ತು. ಗೊತ್ತಿಲ್ಲದಿರುವುದು ನನಗೊಬ್ಬನಿಗೇ.